ಕಾಂಗ್ರೆಸ್ ಕಸಕ್ಕೆ ಹುಳ ಬಿಡಬೇಕೋ, ತಗಚಿ ಬಿತ್ತಬೇಕೋ? ಎರಡು ಮಳೆಗಾಲ ನೋಡಿದ ಮೇಲೆ

ಹುಳವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು ತಂದೆ, ತಗಚಿ ಎಂಬ ಬಯಲು ಗಿಡದ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದೆ. ಎರಡನ್ನೂ ತಂದದ್ದು ಒಂದೇ ಕೆಲಸಕ್ಕೆ. ಕೊಟ್ಟಿಗೆಯ ಹಿಂದಿನ ಆರು ಗುಂಟೆಯಲ್ಲಿ ಎದೆಮಟ ಬೆಳೆದು ನಿಂತಿದ್ದ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಎಂಬ ಬಿಳಿ ಹೂವಿನ ಕಳೆ, ಹೋಗಬೇಕಿತ್ತು. ಯಾವುದು ಕೆಲಸ ಮಾಡಿತು, ಯಾವುದು ಎಲ್ಲಿ ಕೈಬಿಟ್ಟಿತು ಎಂದು ಓಣಿಯವರೂ ಹಾಲಿನ ಮನೆಯವರೂ ಕೇಳುತ್ತಲೇ ಇದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಧಾರವಾಡದ ಕೆಲಗೇರಿ ಕಡೆ. ನಾಲ್ಕು ಎಮ್ಮೆ ಕಟ್ಟಿದ್ದೇನೆ. ಹನ್ನೊಂದು ಮನೆಗೆ ಹಾಲು ಹಾಕುತ್ತೇನೆ, ಉಳಿದದ್ದು ಒಬ್ಬ ಪೇಡೆ ಮಾಡುವವರಿಗೆ. ಕೊಟ್ಟಿಗೆಯ ಹಿಂದೆ ನಮ್ಮದೇ ಆರು ಗುಂಟೆ, ಅದರಾಚೆ ಸಾಲಾಗಿ ಖಾಲಿ ಸೈಟುಗಳು. ಸೈಟು ಕೊಂಡವರು ಯಾರೂ ಊರಲ್ಲಿಲ್ಲ. ಕಲ್ಲು ನೆಟ್ಟು ಹೋದ ಮೇಲೆ ಅಲ್ಲಿ ಬೆಳೆದದ್ದು ಕಾಂಗ್ರೆಸ್ ಒಂದೇ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಮೇವು ಭಾಳ ತುಟ್ಟಿಯಾಗಿತ್ತು. ಹಸಿ ಹುಲ್ಲು ಕೊಯ್ದು ಕೊಡಲು ಒಬ್ಬರಿಗೆ ಹೇಳಿದ್ದೆ. ಅವರು ಗಟಾರದ ಬದಿಯಲ್ಲಿ ಕೊಯ್ದ ಹೊರೆಯಲ್ಲಿ ಕಾಂಗ್ರೆಸ್ಸೂ ಸೇರಿತ್ತು. ಬಯಲಿಗೆ ಬಿಟ್ಟರೆ ಎಮ್ಮೆ ಅದನ್ನು ಮೂಸಿ ಬಿಡುತ್ತದೆ. ಹಸಿದಾಗ ಕಣಕಿಯ ಜೊತೆ ಕೊಚ್ಚಿ ಗೋದಲಿಗೆ ಹಾಕಿದರೆ ಆರಿಸಿ ತಿನ್ನುವುದು ಅದರ ಕೈಲಾಗದು. ಮರುದಿನ ಬೆಳಿಗ್ಗೆ ಪೇಡೆಯವರು ಕ್ಯಾನು ವಾಪಸ್ ಕಳಿಸಿದರು. "ಅಕ್ಕಾರ, ಹಾಲು ಕಹಿ ಐತ್ರಿ. ಖವಾ ಕಾಸಿದ್ರ ಕಹಿ ಇನ್ನೂ ಏರತೈತಿ, ಇವತ್ತು ಬ್ಯಾಡ್ರಿ" ಅಂದರು. ನಾನೂ ಒಂದು ಗುಟುಕು ಕುಡಿದು ನೋಡಿದೆ. ಮೊದಲು ಹಾಲಿನ ರುಚಿಯೇ ಬಂತು, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಬೇವಿನಂಥ ಕಹಿ ನಿಂತಿತು. ಹದಿನೆಂಟು ಲೀಟರ್ ಹಾಲು ಚೆಲ್ಲಿದೆ. ಎಮ್ಮೆ ಹಿಂಡುವವರಿಗೆ ಆ ಹೊತ್ತು ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಮೇಲೆ ನಮ್ಮ ಮನೆಯವರ ಕುತ್ತಿಗೆ. ಆ ಕಸ ಕಿತ್ತ ಸಂಜೆಯೇ ಕುತ್ತಿಗೆ, ಮೊಣಕೈ ಒಳಗೆ, ಕಣ್ಣ ರೆಪ್ಪೆ ಕೆಂಪಾಗಿ ತುರಿಕೆ ಏಳುತ್ತಿತ್ತು. ಚರ್ಮದ ಡಾಕ್ಟರು ನೋಡಿದವರೇ "ಕಾಂಗ್ರೆಸ್ ಮುಟ್ಟೀರೇನ್ರಿ?" ಎಂದು ಕೇಳಿದರು. ಗಿಡದಲ್ಲಿ ಪಾರ್ಥೆನಿನ್ ಎಂಬ ವಿಷವಿದೆಯಂತೆ. ಎಲೆ, ಕಾಂಡ, ಹೂವಿನ ಪುಡಿ, ಎಲ್ಲದರಲ್ಲೂ. ಒಮ್ಮೆ ಮೈಗೆ ಹತ್ತಿದವರಿಗೆ ಮುಂದೆ ಗಾಳಿಯಲ್ಲಿ ಬಂದ ಪುಡಿಯೂ ಸಾಕು.

ಮುಂಚೆ ಏನೇನು ಮಾಡಿ ನೋಡಿದೆವು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಹತ್ತು ಲೀಟರ್ ನೀರಿಗೆ ಎರಡು ಕೆಜಿ ಅಡುಗೆ ಉಪ್ಪು ಕರಗಿಸಿ ಬಿಸಿಲಲ್ಲಿ ಹೊಡೆದೆವು. ಎಲೆ ಸುಟ್ಟವು, ಆದರೆ ಅದೇ ನೆಲದಲ್ಲಿ ನಾಳೆ ಹುಲ್ಲು ಬೇಕಲ್ಲ, ಎಷ್ಟು ಸಲ ಉಪ್ಪು ಹಾಕುವುದು? ಗ್ಲೈಫೋಸೇಟ್ ಔಷಧಿ ಹೊಡೆಸಿದೆವು. ಕಾಂಗ್ರೆಸ್ ಹೋಯಿತು, ಅದರ ಜೊತೆ ಕರಿಕೆಯೂ ಹೋಯಿತು. ಬರಿದಾದ ನೆಲದಲ್ಲಿ ಮುಂದಿನ ಮಳೆಗೆ ಮೊದಲು ಎದ್ದದ್ದು ಮತ್ತೆ ಕಾಂಗ್ರೆಸ್ಸೇ. ಒಂದು ದೊಡ್ಡ ಗಿಡ ಹದಿನೈದು, ಇಪ್ಪತ್ತು ಸಾವಿರ ಬೀಜ ಉದುರಿಸುತ್ತದೆ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಎದ್ದ ಒಂದು ತಿಂಗಳಿಗೆಲ್ಲ ಹೂ ಬಿಡುತ್ತದೆ. ಕಿತ್ತು ಮುಗಿಸುತ್ತೇನೆ ಅನ್ನುವವರ ಕೈಗೆ ಇದು ಸಿಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಮೇವಿನ ಬೇರು ತರಲು ಹೋಗಿದ್ದೆ. ಅಲ್ಲಿದ್ದ ಒಬ್ಬ ಹುಡುಗನಿಗೆ ಹಾಲಿನ ಕತೆ ಹೇಳಿದೆ. "ಎರಡು ದಾರಿ ಅದಾವ್ರಿ ಅಕ್ಕಾರ. ಒಂದು ತಿನ್ನೋ ಹುಳ, ಇನ್ನೊಂದು ಜಾಗ ಹಿಡಿಯೋ ಗಿಡ" ಅಂದ. ಆ ಮಾತು ತಲೆಯಲ್ಲಿ ಕೂತಿತು. ಮುಂದಿನ ಮಳೆಗಾಲಕ್ಕೆ ಆರು ಗುಂಟೆಯನ್ನು ನಡುವಿನ ಕಾಲುದಾರಿಯಿಂದ ಎರಡು ಪಾಲು ಮಾಡಿದೆ. ಗಟಾರದ ಕಡೆಯ ಪಾಲು ಹುಳಕ್ಕೆ, ಬೇವಿನ ಮರದ ಕಡೆಯದು ತಗಚಿಗೆ.

ಮೊದಲು ಹುಳ. ಇದನ್ನು ಮೆಕ್ಸಿಕನ್ ದುಂಬಿ ಅನ್ನುತ್ತಾರೆ, ಶಾಸ್ತ್ರದ ಹೆಸರು ಜೈಗೋಗ್ರಾಮಾ ಬೈಕಲರೇಟಾ. ಹೊಸದಾಗಿ ಬಂದದ್ದೇನಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಬೇರೆ ಬೆಳೆ ತಿನ್ನುತ್ತದೆಯೋ ಎಂದು ಪರೀಕ್ಷೆ ಮಾಡಿ, 1984ರಲ್ಲಿ ಬಯಲಿಗೆ ಬಿಟ್ಟರು. ಕಾಂಗ್ರೆಸ್ಸಿನ ತವರೂ ಅದೇ ಕಡೆ. ಆ ಕಸ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ದೇಶವೆಲ್ಲ ಹಬ್ಬಿತು, ತಿನ್ನುವ ಹುಳ ಮಾತ್ರ ಜೊತೆಗೆ ಬಂದಿರಲಿಲ್ಲ. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಅದನ್ನು ಕರೆಸಬೇಕಾಯಿತು.

ನನಗೆ ಸಿಕ್ಕದ್ದು ರಸ್ತೆ ಬದಿಯಲ್ಲಿ. ಪುಷ್ಯ ಮಳೆ ಬಿಟ್ಟ ಒಂದು ಬೆಳಿಗ್ಗೆ ಹಾಲು ಹಾಕಿ ಬರುವಾಗ ಒಂದು ಕಡೆ ಕಾಂಗ್ರೆಸ್ ಗಿಡಗಳು ಎಲೆಯೇ ಇಲ್ಲದೆ ಕಡ್ಡಿಯಾಗಿ ನಿಂತಿದ್ದವು. ಗಾಡಿ ನಿಲ್ಲಿಸಿ ನೋಡಿದರೆ ತುದಿತುದಿಗೆ ಹುಳ. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿದ ಡಬ್ಬಿ ಹಿಡಿದು ಮರುದಿನ ಹೋದೆ. ಗಿಡದ ಕೆಳಗೆ ಡಬ್ಬಿ ಹಿಡಿದು ಕಾಂಡವನ್ನು ಮೆಲ್ಲಗೆ ತಟ್ಟಿದರೆ ತಾವೇ ಕಾಲು ಮಡಚಿಕೊಂಡು ಉದುರುತ್ತವೆ. ಮೂರು ದಿನದಲ್ಲಿ ಮುನ್ನೂರರ ಮೇಲೆ ಸಿಕ್ಕವು. ಸಂಜೆ ಹೊತ್ತು, ಬಿಸಿಲು ಇಳಿದ ಮೇಲೆ ಗಟಾರದ ಕಡೆಯ ಪಾಲಿನಲ್ಲಿ ಒಂದೇ ಕಡೆ ಬಿಟ್ಟೆ. ಹರಡಿ ಬಿಟ್ಟರೆ ಜೋಡಿ ಸಿಗದೆ ಚೆದುರುತ್ತವೆ ಎಂದು ಆ ಹುಡುಗ ಹೇಳಿದ್ದ.

ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ ಚೆಂದದ ಹುಳ. ಆರು ಮಿಲಿಮೀಟರ್ ಇದ್ದೀತು. ತಲೆ, ಕತ್ತು ಕಂದು. ಬೆನ್ನು ಹಾಲಿನ ಕೆನೆಯ ಬಣ್ಣ, ಅದರ ಮೇಲೆ ಉದ್ದಕ್ಕೆ ಕಂದು ಗೆರೆ, ಕೆಲವು ಗೆರೆ ನಡುವೆ ಬಾಗುತ್ತವೆ. ಬಿಟ್ಟ ಹತ್ತು ದಿನಕ್ಕೆ ಎಲೆ ತಿರುವಿ ನೋಡಿದೆ. ಸಾಸಿವೆಗಿಂತ ಸಣ್ಣ ಉದ್ದನೆಯ ಮೊಟ್ಟೆಗಳು ಎಲೆಯ ಬೆನ್ನಿಗೆ ಅಂಟಿದ್ದವು, ಕಿತ್ತಳೆ ಹಳದಿ. ಮರಿ ಹೊರಬಂದ ಮೇಲೆ ಕೆಲಸ ಜೋರು. ಮರಿ ಮೊದಲು ಹೋಗುವುದು ಗಿಡದ ಕುಡಿಗೆ, ಹೂ ಮೊಗ್ಗು ಕಟ್ಟುವ ಜಾಗಕ್ಕೆ. ನಾನು ಒಂದು ಬೆಳಿಗ್ಗೆ ಎಮ್ಮೆಗೆ ಹಿಂಡಿ ಕಲಸಿಟ್ಟು ಅಲ್ಲೇ ಕೂತು ನೋಡಿದೆ. ಒಂದು ಕುಡಿಯಲ್ಲಿ ಮಸುಕು ಹಳದಿ ಮರಿ ಐದು, ತಲೆ ಒಳಗೆ ಹುಗಿದುಕೊಂಡು ಕೆರೆಯುತ್ತಿದ್ದವು. ಮೂರನೆಯ ದಿನ ಆ ಕುಡಿ ಕರ್ರಗಾಗಿತ್ತು. ಅರ್ಧ ತಿಂಗಳು ತಿಂದು ಮಣ್ಣಿಗಿಳಿದು ಗೂಡು ಕಟ್ಟುತ್ತವೆ, ಮತ್ತೆ ಹುಳವಾಗಿ ಮೇಲೆ ಬರುತ್ತವೆ. ಮೊಟ್ಟೆಯಿಂದ ಹುಳದವರೆಗೆ ಒಂದು ತಿಂಗಳ ಒಳಗೆ ಒಂದು ಸುತ್ತು.

ಆ ವರ್ಷ ಗಣೇಶ ಚೌತಿ ಮುಗಿಯುವ ಹೊತ್ತಿಗೆ ಗಟಾರದ ಪಾಲು ಅರ್ಧ ಬೋಳಾಗಿತ್ತು. ಆದರೆ ನಾನು ಬಿಟ್ಟದ್ದು ತಡವಾಗಿ, ಅಷ್ಟರಲ್ಲಿ ಹೆಚ್ಚಿನ ಗಿಡ ಹೂ ಬಿಟ್ಟು ಬೀಜ ಉದುರಿಸಿಯಾಗಿತ್ತು. ಮೊದಲ ವರ್ಷದ ಲೆಕ್ಕದಲ್ಲಿ ಹುಳ ಗೆದ್ದಿತು ಎಂದು ಹೇಳಲಾರೆ. ದೀಪಾವಳಿ ಹೊತ್ತಿಗೆ ಒಂದೂ ಕಾಣಲಿಲ್ಲ, ಎಲ್ಲ ಸತ್ತವು ಎಂದುಕೊಂಡೆ. ಸತ್ತಿರಲಿಲ್ಲ. ಮಣ್ಣೊಳಗೆ ಇಳಿದು ಮಲಗಿದ್ದವು. ಮರುವರ್ಷ ಮಿರಗ ಮಳೆ ಬಿದ್ದು ಎಂಟು ದಿನಕ್ಕೆ, ನಾನು ಏನೂ ಮಾಡದೆ, ಬೆರಳುದ್ದದ ಸಸಿಗಳ ಮೇಲೆ ಅವೇ ಗೆರೆಯ ಹುಳ ಕೂತಿದ್ದವು. ಓಡಿಬಂದು ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಆ ವರ್ಷ ಆಶ್ಲೇಷ ಮಳೆಯ ಹೊತ್ತಿಗೆ ಗಟಾರದ ಪಾಲಿನಲ್ಲಿ ಬಿಳಿ ಹೂ ಹುಡುಕಿ ನೋಡಬೇಕು, ಅಷ್ಟು ಕಡಿಮೆ.

ತವರು ಮುಳಗುಂದ. ನಾನು ಹುಳ ಬಿಟ್ಟದ್ದು ಕೇಳಿ ತಮ್ಮ ಫೋನು ಮಾಡಿದ. "ಅಕ್ಕಾ, ಆ ಹುಳ ಸೂರ್ಯಪಾನ ತಿಂತಾವಂತ. ನಮ್ಮ ಕಡೆ ತರಬ್ಯಾಡ ನೋಡು." ಸೂರ್ಯಪಾನ ಎಂದರೆ ಸೂರ್ಯಕಾಂತಿ. ಅವನ ಹೆದರಿಕೆಯಲ್ಲಿ ಅರ್ಥವಿದೆ. 1990ರ ದಶಕದ ಶುರುವಿನಲ್ಲಿ ಈ ಹುಳ ಕರ್ನಾಟಕದ ಸೂರ್ಯಪಾನದ ಹೊಲಗಳಲ್ಲಿ ಎಲೆ ಕಡಿದದ್ದು ಕಂಡು ದೊಡ್ಡ ಗದ್ದಲವಾಗಿತ್ತು. ಕೇಂದ್ರ ಸರ್ಕಾರ ಸಮಿತಿ ಮಾಡಿ ವಿಚಾರಿಸಿತು. ಕಾರಣ ಸಿಕ್ಕದ್ದು ಹೀಗೆ: ಹೊಲದ ಒಡ್ಡಿನ ಮೇಲಿನ ಕಾಂಗ್ರೆಸ್ಸಿನ ಹೂವಿನ ಪುಡಿ ಹಾರಿ ಸೂರ್ಯಪಾನದ ಎಲೆ ಮೇಲೆ ಕೂತಿತ್ತು, ಆ ವಾಸನೆಗೆ ಹುಳ ಎಲೆ ಕಡಿದಿತ್ತು. ಸೂರ್ಯಪಾನದ ಮೇಲೆ ಅದರ ಸಂತಾನ ಬೆಳೆಯುವುದಿಲ್ಲ. ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: "ಹುಳಕ್ಕ ಹೆದರಬ್ಯಾಡ, ಒಡ್ಡಿನ ಮ್ಯಾಲಿನ ಕಾಂಗ್ರೆಸ್ ಹೂ ಬಿಡೂಕಿಂತ ಮೊದಲ ಕೀಳು." ಸೂರ್ಯಪಾನ ಹಾಕುವ ಗದಗ ಕಡೆಯವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ನಮ್ಮ ಹಿತ್ತಲಲ್ಲಿ ಬದನೆ, ಮೆಣಸಿನ ಗಿಡ, ಚೆಂಡು ಹೂ ಇವೆ. ಎರಡು ವರ್ಷದಲ್ಲಿ ಅವುಗಳ ಒಂದು ಎಲೆಗೂ ಹುಳ ಬಾಯಿ ಹಾಕಿಲ್ಲ.

ಹುಳದ ದೊಡ್ಡ ದೋಷ ಎಂದರೆ ಅದು ನಮ್ಮ ಗಡಿಯೊಳಗೆ ನಿಲ್ಲುವುದಿಲ್ಲ. ತಿನ್ನುವುದು ಮುಗಿದರೆ ಹಾರಿ ಹೋಗುತ್ತದೆ. ಎರಡನೆಯ ವರ್ಷ ಅವು ಪಕ್ಕದ ಖಾಲಿ ಸೈಟಿಗೆ ದಾಟಿದ್ದು ಕಂಡು ನನಗೆ ಖುಷಿಯಾಗಿತ್ತು. ಆದರೆ ಆ ಸೈಟಿನವರು ಅದೇ ವಾರ ಯಾರನ್ನೋ ಕಳಿಸಿ ಔಷಧಿ ಹೊಡೆಸಿದರು. ಕಸದ ಜೊತೆ ಹುಳವೂ ಹೋಯಿತು. ಅವರಿಗೆ ಗೊತ್ತಿರಲಿಲ್ಲ, ನಾನು ಮೊದಲೇ ಹೇಳಿರಲಿಲ್ಲ. ಇನ್ನೊಂದು ಮಾತು, ಮಳೆ ನಡುವೆ ಮೂರು ವಾರ ಕೈಕೊಟ್ಟಾಗ ಹುಳ ಕಡಿಮೆಯಾಗಿ, ತಿಂದ ಗಿಡಗಳ ಬುಡದಿಂದ ಹೊಸ ಚಿಗುರು ಬಂತು.

ಇನ್ನು ತಗಚಿ. ಇದು ಎಲ್ಲರೂ ತುಳಿದಾಡಿದ ಗಿಡ. ಕ್ಯಾಸಿಯಾ ಟೋರಾ ಎಂಬುದು ಪುಸ್ತಕದ ಹೆಸರು, ಈಗ ಸೆನ್ನಾ ಟೋರಾ ಅನ್ನುತ್ತಾರೆ. ದಕ್ಷಿಣದವರು ತಗಚೆ, ಚಗಚೆ ಅನ್ನುತ್ತಾರೆ. ಮಳೆ ಬಿದ್ದರೆ ರಸ್ತೆ ಬದಿ, ಗೋಮಾಳ, ಬಸ್ ಸ್ಟ್ಯಾಂಡಿನ ಹಿಂದೆ, ಎಲ್ಲೆಂದರಲ್ಲಿ ಮೊಣಕಾಲುದ್ದ ಎದ್ದು ಹಳದಿ ಹೂ ಬಿಡುತ್ತದೆ. ಇದನ್ನೇ ಕಾಂಗ್ರೆಸ್ಸಿನ ಮೇಲೆ ಬಿಡಬಹುದು ಎಂದು ನನಗೆ ತಿಳಿದಿರಲಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯದವರಿಗೆ ಈ ವಿಷಯ ಹಳೆಯದು. ಇದೇ ಕುಲದ ಇನ್ನೊಂದು ಗಿಡ ಕ್ಯಾಸಿಯಾ ಸೆರಿಸಿಯಾ ಹಾಕಿ ಕಾಂಗ್ರೆಸ್ಸನ್ನು ಹಿಂದೆ ಸರಿಸುವ ಕೆಲಸ ಧಾರವಾಡದಲ್ಲೇ ನಡೆದಿದೆ. ಅಲ್ಲಿ ಕುಲಪತಿಯಾಗಿದ್ದ ಡಾ. ಎಂ. ಮಹಾದೇವಪ್ಪ ಅವರು ಈ ಕಸದ ಬೆನ್ನು ಬಿದ್ದವರು. ಬರೀ ಈ ಒಂದು ಗಿಡದ ಮೇಲೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರಿನಲ್ಲಿ ಕೂಡಿದ್ದೂ ಇದೇ ಊರಲ್ಲಿ. ಅದರಿಂದ ಮೂರು ನಾಲ್ಕು ಕಿಲೋಮೀಟರ್ ದೂರದಲ್ಲಿ ಕೂತು ನಾನು ಉಪ್ಪು ಹೊಡೆಯುತ್ತಿದ್ದೆ ಎಂಬುದು ಈಗ ನೆನೆದರೆ ಬೇಸರವಾಗುತ್ತದೆ.

ಮೊದಲ ವರ್ಷ ತಗಚಿ ಕೈಕೊಟ್ಟಿತು. ತಪ್ಪು ಗಿಡದ್ದಲ್ಲ. ಒಂದು ಅಂಗಡಿಯಲ್ಲಿ ಬೀಜ ಕೊಂಡಿದ್ದೆ, ಎಷ್ಟು ವರ್ಷದ್ದೋ, ಹುಳ ಕೊರೆದಿತ್ತು. ಬಿತ್ತಿದ್ದೂ ಆರಿದ್ರ ಮಳೆಯಲ್ಲಿ, ಕಾಂಗ್ರೆಸ್ ಗೇಣುದ್ದ ಎದ್ದ ಮೇಲೆ. ನೂರು ಕಾಳಿಗೆ ಹತ್ತೂ ಏಳಲಿಲ್ಲ, ಎದ್ದವೂ ನೆರಳಲ್ಲಿ ಕೊರಗಿದವು. ನಮ್ಮ ಅತ್ತೆ ನೋಡಿ, "ಅಂಗಡ್ಯಾಗ ಯಾಕ ತಂದಿ? ಕೆರಿ ಒಡ್ಡಿನ ಮ್ಯಾಲ ಬೇಕಾದಷ್ಟು ಐತಿ. ತಗಚಿ ಎದ್ದಲ್ಲಿ ಬ್ಯಾರೆ ಏನೂ ಏಳಂಗಿಲ್ಲ ಬಿಡವಾ" ಅಂದರು. ಅವರು ಹೇಳಿದ್ದೇ ಸರಿ.

ಶೀಗಿ ಹುಣ್ಣಿಮೆ ಕಳೆದ ಮೇಲೆ ಕೆರೆ ಒಡ್ಡಿಗೆ ಹೋದೆವು. ತಗಚಿಯ ಕಾಯಿ ಗೇಣಿಗೆ ತುಸು ಕಡಿಮೆ ಉದ್ದ, ಕಡ್ಡಿಯಷ್ಟು ಸಪೂರ, ಕುಡುಗೋಲಿನಂತೆ ಬಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದನ್ನು, ಆದರೆ ಇನ್ನೂ ಸಿಡಿಯದ್ದನ್ನು ಕೀಳಬೇಕು. ಬೆಳಿಗ್ಗೆ ಇಬ್ಬನಿ ಇರುವಾಗ ಕಿತ್ತರೆ ಕೈಯಲ್ಲೇ ಸಿಡಿಯುವುದಿಲ್ಲ. ತಟ್ಟಿನ ಮೇಲೆ ನಾಲ್ಕು ದಿನ ಒಣಗಿಸಿ ಕೋಲಿನಿಂದ ಬಡಿದೆ. ಬೀಜ ನೋಡಲು ಓರೆಯಾಗಿ ಕತ್ತರಿಸಿದ ಸಣ್ಣ ತುಂಡಿನಂತೆ, ಪಾಲಿಶ್ ಮಾಡಿದ ಕಂದು ಹೊಳಪು. ತೊಗಟೆ ಗಟ್ಟಿ, ಉಗುರಿಗೆ ಸಿಗುವುದಿಲ್ಲ. ಅದಕ್ಕೇ ಅರ್ಧದಷ್ಟನ್ನು ಒರಟು ಕಲ್ಲಿನ ಮೇಲೆ ಮರಳು ಸೇರಿಸಿ ತಿಕ್ಕಿ ಇಟ್ಟೆ. ಎರಡೂವರೆ ಕೆಜಿ ಆಯಿತು. ಮೇ ಕೊನೆಗೆ, ರೋಹಿಣಿ ಮಳೆಯ ಮೋಡ ಕಟ್ಟುವ ಮೊದಲೇ, ಬೇವಿನ ಮರದ ಪಾಲಿನಲ್ಲಿ ನೆಲ ಸ್ವಲ್ಪ ಕೆದರಿ ಒತ್ತಾಗಿ ಚೆಲ್ಲಿದೆ.

ಮಳೆ ಬಿದ್ದ ಐದಾರು ದಿನಕ್ಕೆ ನೆಲ ಕಾಣದಂತೆ ಎದ್ದಿತು. ಕಾಂಗ್ರೆಸ್ಸೂ ಎದ್ದಿತು. ಆದರೆ ಕಾಂಗ್ರೆಸ್ ಸಸಿ ಮೊದಲ ದಿನಗಳಲ್ಲಿ ನೆಲಕ್ಕೆ ಅಂಟಿ, ಎಲೆ ಸುತ್ತಲೂ ಹರವಿ, ತಟ್ಟೆಯಂತೆ ಕೂರುತ್ತದೆ. ಆ ಹೊತ್ತಿಗೆ ಬಿಸಿಲು ಸಿಕ್ಕರೆ ಸುತ್ತ ಇನ್ನೊಂದಕ್ಕೆ ಜಾಗ ಕೊಡುವುದಿಲ್ಲ. ತಗಚಿ ಮೇಲಕ್ಕೆ ಏರಿ ಅಗಲ ಎಲೆ ಬಿಚ್ಚುತ್ತದೆ. ಆರಿದ್ರ ಮಳೆಯಲ್ಲಿ ತಗಚಿಯನ್ನು ಕೈಯಿಂದ ಸರಿಸಿ ಕೆಳಗೆ ನೋಡಿದೆ. ಕಾಂಗ್ರೆಸ್ ಸಸಿಗಳು ಇದ್ದವು, ನಾಲ್ಕೇ ಎಲೆ, ಹಳದಿ ಬಣ್ಣ, ಕಾಂಡವೇ ಎದ್ದಿರಲಿಲ್ಲ. ಪುನರ್ವಸುವಿನಲ್ಲಿ ನೋಡಿದಾಗ ಹೆಚ್ಚಿನವು ಕೊಳೆತಿದ್ದವು. ಸಂಜೆ ಎಮ್ಮೆ ಹಿಂಡಿ ಹೊರಬಂದರೆ ತಗಚಿಯ ಎಲೆಗಳೆಲ್ಲ ಜೋಡಿಜೋಡಿಯಾಗಿ ಮಡಚಿ ನಿಂತಿರುತ್ತಿದ್ದವು, ಬೆಳಿಗ್ಗೆ ಮತ್ತೆ ಬಿಚ್ಚುತ್ತಿದ್ದವು. ಆ ಪಾಲಿನಲ್ಲಿ ಶ್ರಾವಣ ಮುಗಿಯುವ ತನಕ ನಾನು ಕಿತ್ತ ಕಾಂಗ್ರೆಸ್ ಗಿಡ ಎಣಿಸಿ ನಲವತ್ತೊಂದು. ಹಿಂದಿನ ವರ್ಷ ಅದೇ ಜಾಗದಲ್ಲಿ ಹೊರೆ ಕಟ್ಟಿ ಹೊತ್ತಿದ್ದೆವು. ಕಾಲುದಾರಿ ದಾಟಿ ಹುಳವೂ ಈ ಕಡೆ ಬಂದಿತ್ತು, ಹಾಗಾಗಿ ಎಲ್ಲ ಹೆಸರೂ ತಗಚಿಗೇ ಸೇರಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಹುಳ ಬರುವ ಮುಂಚೆಯೇ ಸಸಿಗಳು ಸೋತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ತಗಚಿಯಲ್ಲಿ ದೋಷವಿಲ್ಲವೆಂದಲ್ಲ. ಹಸಿ ಗಿಡವನ್ನು ಎಮ್ಮೆ ಮುಟ್ಟುವುದಿಲ್ಲ, ಎಲೆ ಉಜ್ಜಿದರೆ ಕೆಟ್ಟ ವಾಸನೆ. ಅಂದರೆ ಮೇವಿನ ಲೆಕ್ಕದಲ್ಲಿ ಆ ಮೂರು ಗುಂಟೆ ನನಗೆ ಮಳೆಗಾಲವಿಡೀ ಇಲ್ಲದಂತೆಯೇ. ಅದೂ ಒಂದು ಕಸವೇ, ಹೊಲದ ಒಳಗೆ ಬಿತ್ತಿದರೆ ಹೆಸರು, ಉಳ್ಳಾಗಡ್ಡಿಯ ನಡುವೆ ಎದ್ದು ಮುಂದೆ ಎಡೆ ಹೊಡೆದು ಸಾಕಾಗುತ್ತದೆ. ಖಾಲಿ ಜಾಗ, ಗಟಾರ, ರಸ್ತೆ ಬದಿ, ಶಾಲೆ ಬಯಲಿನ ಅಂಚು, ಇಂಥ ಕಡೆ ಮಾತ್ರ ಹಾಕಿ. ಒಂದು ಲಾಭವೂ ಸಿಕ್ಕಿತು. ಹಾಲು ತೆಗೆದುಕೊಳ್ಳುವ ಒಬ್ಬ ಕರಾವಳಿಯ ಅಮ್ಮ ಬೇಲಿಯಾಚೆ ನಿಂತು ಎಳೆ ಕುಡಿ ಕೇಳಿದರು. ಅವರ ಕಡೆ ಮಳೆಗಾಲದ ಶುರುವಿಗೆ ಅದರ ಪಲ್ಯ, ಪತ್ರೊಡೆ ಮಾಡುತ್ತಾರಂತೆ. ಒಂದು ಬಟ್ಟಲು ಪಲ್ಯ ಕೊಟ್ಟು ಕಳಿಸಿದರು, ತೆಂಗಿನತುರಿ ಹಾಕಿದ್ದು. ಬೆಂದ ಮೇಲೆ ಆ ವಾಸನೆ ಇರಲಿಲ್ಲ.

ಎರಡೂ ಕೈಬಿಡುವ ಕಾಲ ಒಂದೇ. ಸ್ವಾತಿ ಮಳೆ ಮುಗಿದ ಮೇಲೆ ತಗಚಿ ಒಣಗಿ ನಿಲ್ಲುತ್ತದೆ, ಹುಳ ಮಣ್ಣಿಗೆ ಇಳಿಯುತ್ತದೆ. ಕಾಂಗ್ರೆಸ್ಸಿಗೆ ಮಾತ್ರ ಕಾಲವೆಂಬುದಿಲ್ಲ, ಹಸಿ ಇದ್ದರೆ ಸಾಕು. ಎಮ್ಮೆ ಮೈ ತೊಳೆದ ನೀರು ಹರಿಯುವ ಸಣ್ಣ ಕಾಲುವೆಯ ಬದಿಗೆ ಸಂಕ್ರಾಂತಿ ಹೊತ್ತಿಗೆ ಮತ್ತೆ ಹಸಿರು ತಟ್ಟೆಗಳು ಕೂತಿದ್ದವು. ಅಲ್ಲಿ ಕೈಯೇ ಗತಿ. ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ, ಬೇರು ಸಮೇತ. ಬರಿಗೈಯಲ್ಲಿ ಬೇಡ. ನಾನು ಮೊಣಕೈ ತನಕ ಬರುವ ರಬ್ಬರ್ ಕೈಚೀಲ ಹಾಕಿಕೊಳ್ಳುತ್ತೇನೆ, ನಮ್ಮ ಮನೆಯವರನ್ನು ಆ ಕೆಲಸಕ್ಕೆ ಬಿಡುವುದಿಲ್ಲ.

ಒಂದನ್ನೇ ಆರಿಸು ಎಂದರೆ ನಾನು ತಗಚಿಯನ್ನೇ ಆರಿಸುತ್ತೇನೆ, ಎರಡು ಮಾತಿಲ್ಲ. ನಮ್ಮದು ಎಮ್ಮೆ ಕಟ್ಟುವ ಜಾಗ, ನನಗೆ ಕಾಂಗ್ರೆಸ್ ಏಳುವುದೇ ಬೇಡ. ಹುಳ ತಿನ್ನಬೇಕಾದರೆ ಕಾಂಗ್ರೆಸ್ ಮೊದಲು ಬೆಳೆಯಬೇಕು, ತಗಚಿ ಅದನ್ನು ಸಸಿಯಲ್ಲೇ ನೆರಳಿಗೆ ಹಾಕುತ್ತದೆ. ಬಿತ್ತಿದ ಜಾಗ ಬಿಟ್ಟು ಹಾರಿ ಹೋಗುವುದೂ ಇಲ್ಲ, ತನ್ನ ಬೀಜ ತಾನೇ ಉದುರಿಸಿ ಮುಂದಿನ ವರ್ಷಕ್ಕೆ ಸಿದ್ಧವಾಗುತ್ತದೆ. ಹಾಗೆಂದು ಹುಳವನ್ನು ಕಡೆಗಣಿಸಲಾರೆ. ನಾವು ಕಾಲಿಡಲಾಗದ ಕಡೆ, ಬೇಲಿ ಹಾಕಿ ಬೀಗ ಜಡಿದ ಸೈಟಿನಲ್ಲಿ, ರೈಲು ಹಳಿಯ ಬದಿಯಲ್ಲಿ, ಯಾರು ಹೋಗಿ ಬೀಜ ಬಿತ್ತುತ್ತಾರೆ? ಅಲ್ಲಿಗೆ ಹುಳ ತಾನೇ ಹೋಗುತ್ತದೆ. ಮಿರಗದಲ್ಲೇ ಮೇಲೆದ್ದರೆ ಅದರಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಸೈಟು ದೂರ ಇರುವವರು, ಆಳು ಇಲ್ಲದವರು ಹುಳದಿಂದಲೇ ಶುರು ಮಾಡಿ, ಔಷಧಿ ಮಾತ್ರ ಹೊಡೆಸಬೇಡಿ.

ಈ ಸಲ ಬಡಿದ ಬೀಜ ನಾಲ್ಕು ಕೆಜಿಗೆ ತುಸು ಮೇಲಿದೆ, ಹಿಂಡಿ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ಪಕ್ಕದ ಸೈಟಿನವರ ನಂಬರು ಹುಡುಕಿ ಮಾತಾಡಿದೆ. ಔಷಧಿ ಹೊಡೆಸಿದ್ದು ಅವರೇ. ಹುಳದ ವಿಷಯ ಹೇಳಿದೆ, ಹಾಲು ಕಹಿಯಾದದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿತ್ರಿ ಅಕ್ಕಾರ, ನಾವೇನೂ ಅನ್ನಂಗಿಲ್ಲ. ಮನಿ ಕಟ್ಟೂದು ಇನ್ನೂ ಎರಡು ವರ್ಷ ಐತಿ" ಅಂದರು. ಅವರ ಮೂರು ಗುಂಟೆಗೆ ಎರಡು ಕೆಜಿ ಎತ್ತಿಟ್ಟಿದ್ದೇನೆ. ಉಳಿದದ್ದು ಕೆಲಗೇರಿ ಕಡೆಯವರು ಯಾರಿಗಾದರೂ ಬೇಕಿದ್ದರೆ ಮೇ ತಿಂಗಳೊಳಗೆ ಬನ್ನಿ, ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಮನೆಯಲ್ಲೇ ಇರುತ್ತೇನೆ.